ಛಲೋ ಆತ್ರಿ ಅಂದವರು

ಹೋದ ಮಾಗಿಯಲ್ಲಿ ಅಕ್ಕನನ್ನು ನೋಡಲು ಹೊರಟಿದ್ದೆ. ಯಲಬುರ್ಗಾ ದಾಟಿ ಕುಷ್ಟಗಿ ಕಡೆಗೆ ಸ್ವಲ್ಪ ದೂರ ಹೋದರೆ ಬಲಕ್ಕೆ ಅವಳ ಊರಿನ ಕ್ರಾಸ್ ಸಿಗುತ್ತದೆ. ಬಸ್ಸಿಳಿದು ನಿಂತಾಗ ರಸ್ತೆ ಪಕ್ಕದ ಹೊಲದಲ್ಲಿ ಯಾರೋ ಬದುವಿನ ಕಸಕ್ಕೆ ಬೆಂಕಿ ಹಚ್ಚಿದ್ದರು. ಆ ಕಸದಲ್ಲಿ ನೆಲಗುಳ್ಳದ ಮುಳ್ಳುಗಿಡಗಳೂ ಇದ್ದವು. ಒಣಗಿದ ಹಳದಿ ಕಾಯಿಗಳು ಚಿಟ್ ಚಿಟ್ ಎಂದು ಒಡೆಯುತ್ತಿದ್ದವು. ಗಾಳಿ ಹೊರಳಿ ಹೊಗೆ ನನ್ನ ಮುಖಕ್ಕೆ ಬಂತು. ಸುಟ್ಟ ಬೀಜದ ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಹೋಗಿ ಗದ್ದದ ಕೆಳಗೆ ನಿಂತಿತು. ಮೆತ್ತಗಿದೆಯೋ ಗಟ್ಟಿಯಾಗಿದೆಯೋ ಎಂದು ಒತ್ತಿ ನೋಡಿಕೊಂಡೆ. ಎಂದೋ ಕಳೆದುಹೋದ ಒಂದು ಬೇಸಿಗೆ ಮತ್ತು ಅದರ ಬೆನ್ನಿಗೆ ಬಂದ ಮಳೆಗಾಲ ನನಗೆ ಕಲಿಸಿದ ಚಟ ಅದು.

ನಾನು ಹಲ್ಲಿನ ಡಾಕ್ಟರು. ಅಳವಂಡಿ ಸೀಮೆಯ ಕೂಲಿ ಮನೆತನದಲ್ಲಿ ಹುಟ್ಟಿದವನು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ಮೊದಲನೆಯವನು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ಅಪ್ಪ ಮಂದಿಯ ಹೊಲದಲ್ಲಿ ದುಡಿದ. ಅಕ್ಕ ಗಂಗವ್ವ ಶಾಲೆ ಬಿಟ್ಟು ಮೆಣಸಿನಕಾಯಿ ಬಿಡಿಸಲು ಹೋದಳು. ಅವಳು ಆ ಕೈಯಿಂದಲೇ ರೊಟ್ಟಿ ಬಡಿದು ನನಗೆ ಬುತ್ತಿ ಕಟ್ಟುತ್ತಿದ್ದಳು. ಹಾಸ್ಟೆಲಿನಲ್ಲಿ ಬುತ್ತಿ ಬಿಚ್ಚಿದರೆ ಪಲ್ಯ ಬೇಕಾಗಿರಲಿಲ್ಲ, ರೊಟ್ಟಿಯೇ ಖಾರವಾಗಿರುತ್ತಿತ್ತು. ಆ ಖಾರ ತಿಂದು ನಾನು ಡಾಕ್ಟರಾದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಕೊಪ್ಪಳ ಆಗಿನ್ನೂ ಜಿಲ್ಲೆಯಲ್ಲ, ರಾಯಚೂರಿನ ಒಂದು ತಾಲೂಕು. ನನಗೆ ಕೊಪ್ಪಳದ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಗುರುವಾರ ಮಾತ್ರ ಬಸ್ಸು ಹಿಡಿದು ಯಲಬುರ್ಗಾಕ್ಕೆ ಹೋಗಬೇಕು. ಅಲ್ಲಿಯ ದವಾಖಾನೆಯ ಮೂಲೆಯ ಕೋಣೆಯಲ್ಲಿ ಒಂದು ಕಬ್ಬಿಣದ ಕುರ್ಚಿ, ಒಂದು ಕಿಟಕಿ, ಒಂದು ಬಿಳಿ ಬೇಸನ್ನು. ಹಳ್ಳಿಯ ಮಂದಿಯನ್ನೆಲ್ಲ ಅಲ್ಲಿ ನೋಡುತ್ತಿದ್ದೆ. ಆ ವರ್ಷ ಮೇಲಿನವರೊಬ್ಬರು ಬಂದವರು, “ಹಲ್ಲು ತೋರಿಸಿದವರಿಗೆ ಸಮಾಧಾನ ಐತೋ ಇಲ್ಲೋ ಕೇಳ್ತಾ ಹೋಗ್ರಿ. ಪ್ಯಾಟಿಯವರು ಏನಂತಾರ, ಹಳ್ಳಿಯವರು ಏನಂತಾರ, ನಮಗೂ ಗೊತ್ತಾಗಲಿ,” ಎಂದು ಹೇಳಿಹೋದರು. ಹೊಸ ಕೆಲಸ, ಹೊಸ ಹುರುಪು. ನಾನು ಸಿಕ್ಕವರನ್ನೆಲ್ಲ ಕೇಳತೊಡಗಿದೆ.

ಕೊಪ್ಪಳದವರಿಗೆ ಸಮಾಧಾನ ಎಂಬುದೇ ಇರಲಿಲ್ಲ. ಜವಳಿ ಅಂಗಡಿಯ ಸಾಹುಕಾರರೊಬ್ಬರು ಮನೆಗೆ ಹೋಗಿ ಕನ್ನಡಿ ನೋಡಿಕೊಂಡು ಅವತ್ತೇ ತಿರುಗಿ ಬಂದರು. “ಅಲ್ರಿ ಡಾಕ್ಟ್ರ, ನೀವು ತುಂಬಿದ್ದು ಬ್ಯಾರೆ ಬಣ್ಣ ಕಾಣತೈತಿ. ಇದೇನು ಮನಿ ಗೋಡಿಗೆ ಗಿಲಾಯ ಮಾಡಿದಂಗ ಮಾಡೀರಲ್ಲ.” ಗಂಗಾವತಿಯಿಂದ ಬರುತ್ತಿದ್ದ ಭತ್ತದ ಗಿರಣಿಯ ಮಾಲೀಕರು ಇನ್ನೂ ಗಟ್ಟಿ. ಸೂಜಿ ಚುಚ್ಚಿದ್ದು ಗೊತ್ತಾದರೆ ನನ್ನ ಕೈ ಒರಟು. ಗೊತ್ತಾಗದಿದ್ದರೆ ಔಷಧ ಕಡಿಮೆ ಹಾಕಿದ್ದೇನೆ. ಕಾಯಿಸಿದ್ದಕ್ಕೆ ಜಗಳ, ನೀರು ವಾಸನೆ ಬಂದದ್ದಕ್ಕೆ ಜಗಳ. “ಕಾಲೇಜಿನ್ಯಾಗ ಇದನ್ನ ಕಲಿಸ್ಯಾರೇನು ನಿಮಗ?” ಎಂದು ಕೇಳಿದವರೂ ಇದ್ದರು. ಆ ಮಾತು ನನಗೆ ಬಹಳ ದಿನ ಚುಚ್ಚಿತು.

ಗುರುವಾರ ಬಂತೆಂದರೆ ನನಗೆ ಹಬ್ಬ. ಯಲಬುರ್ಗಾದ ಕುರ್ಚಿಯಲ್ಲಿ ಕುಳಿತವರು ಕುಂಯ್ ಅನ್ನುತ್ತಿರಲಿಲ್ಲ.

“ಹೆಂಗೈತಿ ಯಜಮಾನ್ರ?”

“ಛಲೋ ಐತ್ರಿ.”

“ನೋವಾತೇನು?”

“ನೋವೇನು ಬಿಡ್ರಿ, ಛಲೋ ಆತ್ರಿ.”

ಹೆಣ್ಣುಮಕ್ಕಳಾದರೆ ಸೆರಗು ಬಾಯಿಗೆ ಹಿಡಿದು ತಲೆ ಅಲ್ಲಾಡಿಸಿ ಹೋಗುವರು. ನಮ್ಮ ಮಂದಿ, ನನ್ನ ಕೈಗುಣ ಬಲ್ಲವರು ಎಂದು ನಾನು ಒಳಗೊಳಗೇ ಉಬ್ಬಿದ್ದೆ. ಒಂದೇ ಒಂದು ಸಂಗತಿ ತಿಳಿಯುತ್ತಿರಲಿಲ್ಲ. ಇಷ್ಟು ಸಮಾಧಾನಪಟ್ಟವರು ಎರಡನೆಯ ಸಲ ಯಾಕೆ ಬರುವುದಿಲ್ಲ?

ಬೇಸಿಗೆ ಏರುವ ಹೊತ್ತಿಗೆ ಬಂಡಿ ಹೂಡುವ ಫಕೀರಪ್ಪ ಬಂದ. ಅಕ್ಕನ ಊರಿನವನೇ. ಕೆನ್ನೆ ಊದಿತ್ತು, ಕೆಳಗಿನ ದವಡೆಹಲ್ಲು ಹುಳುಕಿ ಕರ್ರಗಾಗಿತ್ತು. ಇಂಜೆಕ್ಷನ್ ಕೊಟ್ಟು, ಗುಳಿಗೆ ಕೊಟ್ಟು, ಬಾವು ಇಳಿದ ಮೇಲೆ ಕೀಳುತ್ತೇನೆ, ಮುಂದಿನ ಗುರುವಾರ ಬಾ ಎಂದೆ. ಆ ಗುರುವಾರ ಅವನು ಬರಲಿಲ್ಲ. ಅವನ ನೆರೆಮನೆಯವನೊಬ್ಬ ತನ್ನ ಹಲ್ಲು ಹಿಡಿದುಕೊಂಡು ಬಂದಿದ್ದ.

“ಫಕೀರಪ್ಪ ಯಾಕ ಬರಲಿಲ್ಲ?”

“ಅವಗ ಛಲೋ ಆತ್ರಿ. ನೋವು ನಿಂತ ಹೋತು.”

ನಾನು ಖುಷಿಪಟ್ಟೆ. ಒಂದಷ್ಟು ವಾರ ಬಿಟ್ಟು ಅದೇ ಮನುಷ್ಯ ಮತ್ತೆ ಬಂದಾಗ ಸುಮ್ಮನೆ ಕೇಳಿದೆ. “ಫಕೀರಪ್ಪ ಹ್ಯಾಂಗದಾನ?”

“ತೀರಕೊಂಡ್ರಿ.”

“ಏನಾಗಿತ್ತು?”

“ಗಂಟಲ ಕಟ್ಟಿತ್ರಿ. ಉಸರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.”

ನನ್ನ ಕೈಯಲ್ಲಿದ್ದ ಇಕ್ಕಳ ಹಾಗೇ ನಿಂತಿತು. “ಮತ್ತ ಹಲ್ಲು?”

“ಹಲ್ಲು ಛಲೋ ಆಗಿತ್ರಿ,” ಎಂದ ಅವನು, ನನ್ನನ್ನು ಸಮಾಧಾನ ಮಾಡುವವನಂತೆ. “ನಿಮ್ಮದೇನೂ ತಪ್ಪಿಲ್ರಿ. ಕಡೀಕ ಹಲ್ಲಿಂದು ಒಂದೀಟೂ ತ್ರಾಸ ಇರಲಿಲ್ಲ ಅವಗ.”

ಹುಳುಕು ಹಲ್ಲಿನ ಒಳಗಿನ ನರ ಬದುಕಿರುವ ತನಕ ನೋವು. ನರ ಸತ್ತರೆ ನೋವು ನಿಲ್ಲುತ್ತದೆ, ಕೀವು ನಿಲ್ಲುವುದಿಲ್ಲ. ಅದು ಸಪ್ಪಳವಿಲ್ಲದೆ ಬೇರಿನಿಂದ ಕೆಳಗಿಳಿದು ನಾಲಿಗೆಯಡಿ ಸೇರುತ್ತದೆ, ಅಲ್ಲಿಂದ ಕುತ್ತಿಗೆಗೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೆ ಅದೇ ಸಂಗತಿ ಧೋತರ ಉಟ್ಟು, ಕೈಮುಗಿದು, ಛಲೋ ಆತ್ರಿ ಎಂದು ನನ್ನೆದುರು ನಿಂತು ಹೋಗುತ್ತದೆ ಎಂದು ಯಾವ ಮಾಸ್ತರರೂ ಹೇಳಿರಲಿಲ್ಲ. ಅವತ್ತಿನಿಂದ ಆ ಮಾತು ಕೇಳಿದರೆ ಹೆದರಿಕೆ ಹುಟ್ಟತೊಡಗಿತು. ಅವತ್ತಿನ ತನಕ ಹಾಗೆಂದು ಹೇಳಿ ಹೋದವರ ಮುಖಗಳು ಒಂದೊಂದಾಗಿ ಕಣ್ಣೆದುರು ಬಂದವು. ಅವರಲ್ಲಿ ಎಷ್ಟು ಮಂದಿ ಇದ್ದಾರೋ.

ಮರುದಿನ ರಜೆ ಹಾಕಿ ಅಕ್ಕನ ಊರಿಗೆ ಹೋದೆ. ಕ್ರಾಸಿನಿಂದ ನಡೆದು ಊರು ಮುಟ್ಟಿದಾಗ ನಡುಮಧ್ಯಾಹ್ನ. ಎರೆಹೊಲಗಳು ಬಾಯಿಬಿಟ್ಟು ಬಿದ್ದಿದ್ದವು. ಓಣಿಯಲ್ಲಿ ನಾಯಿಯೂ ಬೊಗಳಲಿಲ್ಲ. ಅಕ್ಕ ಮನೆಯ ಕದ ಮುಂದೆ ಮಾಡಿದ್ದಳು, ಅಗಳಿ ಹಾಕಿರಲಿಲ್ಲ. ಎಲ್ಲಿಂದಲೋ ಚಿಟ್ ಚಿಟ್ ಎಂಬ ಸಪ್ಪಳ ಮಾತ್ರ ಬರುತ್ತಿತ್ತು. ಆ ಸಪ್ಪಳದ ಹಿಂದೆ ಹೋದರೆ ಹನುಮಪ್ಪನ ಗುಡಿಯ ಹಿಂದಿನ ಬೇವಿನ ನೆರಳಿಗೆ ಬಂದೆ.

ಅಲ್ಲಿ ಗಂಡಸರು ಹೆಂಗಸರು ಸಾಲಾಗಿ ಕುಳಿತಿದ್ದರು. ಎಲ್ಲರೂ ಗದ್ದದಿಂದ ನೆತ್ತಿಯ ಮೇಲಕ್ಕೆ ಬಟ್ಟೆ ಬಿಗಿದು ಗಂಟು ಹಾಕಿಕೊಂಡಿದ್ದರು. ಹೆಣದ ಬಾಯಿ ತೆರೆಯದಿರಲಿ ಎಂದು ನಮ್ಮ ಕಡೆ ಕಟ್ಟುತ್ತಾರಲ್ಲ, ಥೇಟ್ ಹಾಗೆ. ಯಾರೂ ಮಾತಾಡುತ್ತಿರಲಿಲ್ಲ. ನಾನು ಬಂದದ್ದಕ್ಕೆ ಕಣ್ಣುಗಳಷ್ಟೇ ಹೊರಳಿದವು.

ನಡುವೆ ಕುಳಿತ ಮುದುಕಿ ಚಂದವ್ವ. ಹಲ್ಲಿನ ಹುಳ ತೆಗೆಯುವವಳು. ಅಗಲ ಪರಾತದಲ್ಲಿ ನೀರು, ನೀರಿನ ನಡುವೆ ಇಟ್ಟಂಗಿ, ಇಟ್ಟಂಗಿಯ ಮೇಲೆ ಕೆಂಪಗೆ ಕಾದ ನೇಗಿಲಕುಳ. ಅವಳು ಎಣ್ಣೆಯಲ್ಲಿ ಅದ್ದಿದ ನೆಲಗುಳ್ಳದ ಬೀಜವನ್ನು ಅದರ ಮೇಲೆ ಚೆಲ್ಲಿ, ಒಡೆದ ಗಡಿಗೆಯ ಕಂಠವನ್ನು ಮುಚ್ಚುತ್ತಿದ್ದಳು. ಸರದಿ ಬಂದವರು ಬಟ್ಟೆ ಬಿಚ್ಚಿ, ಆ ಕಂಠಕ್ಕೆ ಬಾಯಿ ಕೊಟ್ಟು, ಕಣ್ಣಲ್ಲಿ ನೀರಿಳಿಯುವ ತನಕ ಹೊಗೆ ಹಿಡಿಯಬೇಕು. ಆಮೇಲೆ ಅವಳು ಕಂಠ ಎತ್ತಿ ಪರಾತ ತೋರಿಸುವಳು. ನೀರಿನ ಮೇಲೆ ಸಣ್ಣ ಸಣ್ಣ ಬಿಳಿ ಹುಳಗಳು ತೇಲುತ್ತಿದ್ದವು.

“ನೋಡಕೋ. ನಿನ್ನವ.”

ನೋಡಿದವನ ಮುಖದಲ್ಲಿ ನಾನು ಕೊಪ್ಪಳದಲ್ಲಿ ಒಮ್ಮೆಯೂ ಕಾಣದ ಸಮಾಧಾನ ಕಂಡಿತು. ಅವನು ಮತ್ತೆ ಬಟ್ಟೆ ಬಿಗಿದುಕೊಂಡು ಎದ್ದು ಹೋದ.

ಸಾಲಿನ ಕೊನೆಯಲ್ಲಿ ಕುಳಿತವಳ ಕೈ ನೋಡಿದೆ. ಮೆಣಸಿನಕಾಯಿಯ ತೊಟ್ಟು ಮುರಿದು ಮುರಿದು ಬೆರಳ ತುದಿ ಒಡೆದ ಕೈ. ಅಕ್ಕ.

ನನಗೆ ಸಿಟ್ಟು ತಡೆಯಲಿಲ್ಲ. ಒಂದು ಬೀಜ ತೆಗೆದು ಉಗುರಿನಿಂದ ಸೀಳಿ, ಒಳಗಿನ ಬಿಳಿ ಕೊಂಕುಮೊಳಕೆಯನ್ನು ಎಲ್ಲರಿಗೂ ಕಾಣುವಂತೆ ಹಿಡಿದೆ. “ಆಯಿ, ಇದು ಬೀಜದಾಗಿನ ಮೊಳಕಿ. ಕಾವಿಗೆ ಬೀಜ ಸಿಡದು ಇದು ನೀರಿಗೆ ಬೀಳತೈತಿ. ಇದ ನಿನ್ನ ಹುಳ.”

ಮುದುಕಿ ಸಿಟ್ಟಾಗಲಿಲ್ಲ. ನನ್ನ ಬೆರಳನ್ನು ಹತ್ತಿರ ಎಳೆದು ನೋಡಿದಳು. “ಇದು ಬೀಜದ್ದ ಐತಪಾ. ಅವು ಹಲ್ಲಿನ್ವು.”

“ಎರಡೂ ಒಂದ ತರಾ ಅದಾವಲ್ಲ.”

“ನೀನೂ ನಿಮ್ಮಪ್ಪನೂ ಒಂದ ತರಾ ಅದೀರಿ. ಇಬ್ಬರೂ ಒಬ್ಬನ ಏನು?”

ಸಾಲಿಗೆ ಸಾಲೇ ನಕ್ಕಿತು. ಬಟ್ಟೆ ಬಿಗಿದದ್ದರಿಂದ ಬಾಯಿ ತೆರೆಯಲಿಲ್ಲ, ಸಪ್ಪಳ ಬರಲಿಲ್ಲ. ಹೆಗಲುಗಳು ಮಾತ್ರ ಕುಣಿದವು. ಆ ಸದ್ದಿಲ್ಲದ ನಗೆಯನ್ನು ನಾನು ಇವತ್ತಿಗೂ ಕನಸಿನಲ್ಲಿ ಕಾಣುತ್ತೇನೆ.

“ನಿನ್ನ ದವಾಖಾನಿಗೆ ಬಂದ್ರ ನೀ ಏನ ತೋರಸ್ತಿ?” ಎಂದು ಕೇಳಿದಳು ಮುದುಕಿ. “ನಾ ತಗದದ್ದು ತೋರಸ್ತೀನಿ. ನೀ ಬರೇ ಬಾಯಿಲೆ ಹೇಳ್ತಿ.”

ಫಕೀರಪ್ಪನೂ ಈ ಬೇವಿನ ಕೆಳಗೇ ಕುಳಿತು ಹೋದವನಿರಬೇಕು ಎಂದು ಆಗ ಹೊಳೆಯಿತು. ಅವನ ಹೆಸರೆತ್ತಿದೆ. “ಅವನ ಹಲ್ಲು ಛಲೋ ಆಗಿತ್ತಲ್ಲ,” ಎಂದು ಯಾರೋ ಬಟ್ಟೆಯ ಒಳಗಿಂದ ಗೊಣಗಿದರು. ಹಲ್ಲಿನ ಲೆಕ್ಕ ಬೇರೆ, ಗಂಟಲಿನ ಲೆಕ್ಕ ಬೇರೆ. ಒಂದರಿಂದ ಇನ್ನೊಂದಕ್ಕೆ ದಾರಿ ಇದೆ ಎಂದು ಎಷ್ಟು ಹೇಳಿದರೂ ಅವರಿಗೆ ಅದು ಕಾಣುತ್ತಿರಲಿಲ್ಲ. ಕಾಣದ್ದನ್ನು ಅವರು ನಂಬುವವರಲ್ಲ.

ಅಕ್ಕನನ್ನು ಮನೆಗೆ ಕರೆದುಕೊಂಡು ಬಂದು ಬಾಯಿ ತೆರೆಸಿದೆ. ಬಲಗಡೆ ಕೆಳದವಡೆಯ ಹಲ್ಲಿನಲ್ಲಿ ತೂತು. ಇವತ್ತೇ ಯಲಬುರ್ಗಾಕ್ಕೆ ಬಾ ಎಂದೆ.

“ಮೊನ್ನಿನ ಹೊಗಿಗೇ ನೋವು ಹೋಗೈತೋ ತಮ್ಮಾ. ಅದಕ್ಕ ಬರಬೇಕೇನು?”

“ಅದಕ್ಕ ಬಾ ಅನ್ನಾಕತ್ತೀನಿ.”

“ನೋವಿದ್ದಾಗ ಬಂದ್ರ ಒಂದ ಮಾತು. ನೋವಿಲ್ಲದ ಹಲ್ಲು ಕೀಳಿಸಿಕೊಂಡ್ರ ಊರ ಮಂದಿ, ತಮ್ಮಗ ರೂಢಿ ಆಗ್ಲಿ ಅಂತ ಅಕ್ಕ ಬಾಯಿ ಕೊಟ್ಟಾಳ ಅಂತಾರ.” ನಕ್ಕಳು. “ಬಿತ್ತಿಗಿ ಮುಗೀಲಿ. ನಿನ್ನ ಕುರ್ಚಿ ಮ್ಯಾಲೆ ರಾಣಿ ಕುಂತಂಗ ಕುಂಡ್ರತೀನಿ.”

ಅಕ್ಕನ ಮಾತು ಮೀರಿ ನನಗೆ ಅಭ್ಯಾಸವಿರಲಿಲ್ಲ. ಗುಳಿಗೆ ಕೊಟ್ಟು ಬಂದೆ.

ಮುಂಗಾರು ಆ ವರ್ಷ ಹಿಡಿದು ಹೊಡೆಯಿತು. ಎರೆ ಭೂಮಿ ಕೊಚ್ಚೆಯಾಗಿ ಅಕ್ಕನ ಊರಿನ ದಾರಿ ನಿಂತುಹೋಯಿತು. ನಾನು ಕೊಪ್ಪಳದಲ್ಲಿ ಸಾಹುಕಾರರ ಬೈಗುಳ ತಿನ್ನುತ್ತ ಗುರುವಾರಕ್ಕಾಗಿ ಕಾಯುತ್ತಿದ್ದೆ. ಬೈದಷ್ಟೂ ನನಗೆ ಹಿತವಾಗುತ್ತಿತ್ತು ಎಂದರೆ ಯಾರೂ ನಂಬಲಿಕ್ಕಿಲ್ಲ. ಬೈಯುವವರಿಗೆ ನೋವು ಗೊತ್ತಾಗುತ್ತಿದೆ, ಬೈಯಲು ನಾಳೆಯೂ ಬರುತ್ತಾರೆ.

ಒಂದು ಗುರುವಾರ ಯಲಬುರ್ಗಾದ ಕೋಣೆಯ ಬಾಗಿಲಲ್ಲಿ ಮಾವ ನಿಂತಿದ್ದ. ಅಕ್ಕನ ಗಂಡ. ಮೊಣಕಾಲ ತನಕ ಕೆಸರು. ಬಿತ್ತನೆ ಬೀಜ ಒಯ್ಯಲು ಬಂದವನು ಮಾತಾಡಿಸಿ ಹೋಗಲು ಬಂದಿದ್ದ.

“ನಿಮ್ಮಕ್ಕ ಹೇಳಿ ಕಳಿಸ್ಯಾಳಪಾ. ನಾ ಛಲೋ ಅದೀನಿ, ಕಾಳಜಿ ಮಾಡಬ್ಯಾಡ ಅಂತ ಹೇಳು ಅಂದಳು.”

ಇಕ್ಕಳ ಕೆಳಗಿಟ್ಟೆ. “ಊಟ ಮಾಡತಾಳಾ?”

“ನಿನ್ನಿ ಮುಂಜಾನಿಂದ ರೊಟ್ಟಿ ಬಿಟ್ಟಾಳ. ಗಂಜಿ ಕುಡೀತಾಳ. ಬಾಯಿ ಪೂರಾ ತೆರೆಯಾಕ ಬರವಲ್ಲದು. ಆದ್ರ ನೋವಿಲ್ಲಂತ.”

ಕೈ ತೊಳೆಯದೆ ಹೊರಟೆ. ಸಾಲಿನಲ್ಲಿದ್ದ ಪೇಟೆಯ ಮಾಸ್ತರರೊಬ್ಬರು ಕೂಗಿದರು. “ಇದೇನ್ರಿ, ನಮ್ಮನ್ನ ಕುಂಡ್ರಿಸಿ ಎಲ್ಲಿಗೆ ಹೊಂಟ್ರಿ? ಹಿಂಗ ಆದ್ರ ನಾವು ಮ್ಯಾಲೆ ಬರಿತೀವಿ ನೋಡ್ರಿ.” ಬರೆಯಿರಿ ಮಾಸ್ತರ, ನೀವು ಬದುಕುತ್ತೀರಿ ಎಂದುಕೊಂಡು ನಡೆದೆ.

ಕ್ರಾಸಿನಿಂದ ಒಳಗೆ ಚಪ್ಪಲಿ ಕೈಯಲ್ಲಿ ಹಿಡಿದು ಹೋದೆವು. ಎರೆಮಣ್ಣು ಕಾಲು ಹಿಡಿದೆಳೆಯುತ್ತಿತ್ತು. ಬಿಡಿಸಿಕೊಂಡ ಪ್ರತಿ ಹೆಜ್ಜೆಯೂ ಹಲ್ಲು ಕಿತ್ತಂತೆ ಸದ್ದು ಮಾಡುತ್ತಿತ್ತು. ಮೋಡ ಊರಿನ ಮಾಳಿಗೆಗಳ ಮೇಲೇ ಕುಳಿತಿತ್ತು. ಅಕ್ಕ ಗೋಡೆಗೆ ಒರಗಿ ನೆಟ್ಟಗೆ ಕುಳಿತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿಯೆಲ್ಲ ಹಾಗೇ ಕುಳಿತಿದ್ದಳಂತೆ. ಸೆರಗಿನಿಂದ ಜೊಲ್ಲು ಒರೆಸಿಕೊಳ್ಳುತ್ತ ನನ್ನನ್ನು ನೋಡಿ ನಕ್ಕಳು.

“ಛಲೋ ಅದೀನಪಾ,” ಎಂದಳು. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರ ದನಿ. ಅದು ಅಕ್ಕನ ದನಿಯಾಗಿರಲಿಲ್ಲ. ಗದ್ದದ ಕೆಳಗೆ ಕೈಯಿಟ್ಟೆ. ಬೇಸಿಗೆಯ ಎರೆಹೆಂಟೆಯಂತೆ ಗಟ್ಟಿಯಾಗಿತ್ತು.

“ಏಳು, ಬಂಡಿ ಹೂಡಸ್ತೀನಿ.”

“ನೋವಿಲ್ಲ ಅಂದಮ್ಯಾಲೆ ಕೊಯ್ಸಿಕೊಳ್ಳಾಕ ಯಾಕ ಬರಲಿ?”

ಅಕ್ಕನ ಅತ್ತೆ, ಓಣಿಯ ಹೆಂಗಸರು, ಮಾವ, ಎಲ್ಲರೂ ಅವಳ ಮಾತೇ ಸರಿ ಎಂಬಂತೆ ನಿಂತಿದ್ದರು. ಗದರಿಸಿದೆ, ಬೇಡಿಕೊಂಡೆ. ಅಕ್ಕ ನಗುತ್ತಲೇ ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ಯಾರೋ ಚಂದವ್ವನನ್ನು ಕರೆತಂದರು. ಮುದುಕಿ ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಪುಸ್ತಕದ ಒಂದು ಮಾತೂ ಆ ಮನೆಯಲ್ಲಿ ನಡೆಯುವುದಿಲ್ಲ ಎಂದು ಆಗ ನನಗೆ ತಿಳಿಯಿತು.

“ಆಯಿ, ಇನ್ನೊಂದು ಉಳದೈತಿ,” ಎಂದೆ. “ಬೇರಿನ ಬುಡಕ ಐತಿ. ನಿನ್ನ ಹೊಗಿ ಅಲ್ಲೀತನಕ ಇಳಿಯೂದಿಲ್ಲ.”

“ತಗದ್ರ ತೋರಸ್ತಿಯೇನು?”

“ತೋರಸ್ತೀನಿ.”

ಮುದುಕಿ ಅಕ್ಕನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ತನ್ನ ಕಿವಿಯನ್ನು ಅಕ್ಕನ ದವಡೆಗೆ ಒತ್ತಿದಳು. ಬಹಳ ಹೊತ್ತು ಹಾಗೇ ಇದ್ದಳು. ಸುಳ್ಳು ಹೇಳಿದವನು ನಾನು; ಆದರೂ ಅವಳು ತಲೆ ಎತ್ತುವುದನ್ನೇ ಕಾಯುತ್ತ ನಿಂತೆ.

“ಹೌದು,” ಎಂದಳು. “ಐತಿ. ಭಾಳ ದೊಡ್ಡದೈತಿ.” ಎದ್ದವಳು ಮಾವನ ಕಡೆ ತಿರುಗಿದಳು. “ಬಂಡಿ ಹೂಡು. ಕತ್ತಲಾಗೂದ್ರಾಗ ಇಕೀನ್ನ ಒಯ್ಯಿರಿ.”

ಕೆಸರಲ್ಲಿ ಎತ್ತುಗಳು ಮುಗ್ಗರಿಸಿದವು. ಮಾವ ಗಾಲಿಗೆ ಹೆಗಲು ಕೊಟ್ಟ. ಯಲಬುರ್ಗಾ ದವಾಖಾನೆಯ ದೊಡ್ಡ ಡಾಕ್ಟರು ಮತ್ತು ನಾನು ಸೇರಿ ಗದ್ದದ ಕೆಳಗೆ ಕೊಯ್ದು ಕೀವಿಗೆ ದಾರಿ ಮಾಡಿಕೊಟ್ಟೆವು. ಮೊದಲ ಸಲ ಅಕ್ಕ ನೋವಿಗೆ ಚೀರಿದಳು. ಅಷ್ಟು ಇಂಪಾದ ಸದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ನನಗೆ ಬಾಯಿಗೆ ಬಂದಂತೆ ಬೈದಳು. ನಾನು ಕಣ್ಣೊರೆಸಿಕೊಳ್ಳುತ್ತ ಬೈಸಿಕೊಂಡೆ.

ಇಂಜೆಕ್ಷನ್ನುಗಳಾಗಿ, ಬಾವು ಇಳಿದು, ಬಾಯಿ ತೆರೆಯುವಂತಾದ ಮೇಲೆ ಅವಳು ನನ್ನ ಕುರ್ಚಿಯಲ್ಲಿ ಕುಳಿತಳು. ಹಲ್ಲು ಕಿತ್ತು ಕಿಟಕಿಯ ಕಟ್ಟೆಯ ಮೇಲಿದ್ದ ಬೇಸನ್ನಿನ ನೀರಿಗೆ ಹಾಕಿದೆ. ಹತ್ತಿ ಕಚ್ಚಿಕೊಂಡೇ ಅಕ್ಕ ಕೈಸನ್ನೆ ಮಾಡಿದಳು: ತೋರಿಸು.

ಬೇಸನ್ನು ಹಿಡಿದು ತಂದೆ. ಹೀಗೆ ಬಹಳ ದಿನ ಕೆಟ್ಟ ಹಲ್ಲಿನ ಬೇರಿನ ತುದಿಗೆ ಒಮ್ಮೊಮ್ಮೆ ಮಾಂಸದ ಸಣ್ಣ ಚೀಲವೊಂದು ಅಂಟಿಕೊಂಡು ಬರುತ್ತದೆ. ಇದರಲ್ಲೂ ಬಂದಿತ್ತು. ಮಾಸಲು ಬಿಳಿ, ಒಂದು ಕಡೆ ದಪ್ಪ, ಒಂದು ಕಡೆ ಚೂಪು. ಅದು ಬೇರಿನಿಂದ ಬಿಟ್ಟುಕೊಂಡು ನೀರಿನಲ್ಲಿ ತೂಗಾಡುತ್ತಿತ್ತು. ಇದು ಹುಳ ಅಲ್ಲ ಅಕ್ಕಾ ಎಂದು ಹೇಳಲು ಬಾಯಿ ತೆರೆದೆ. ಅಕ್ಕ ಅದನ್ನೇ ನೋಡುತ್ತಿದ್ದಳು. ಬೇವಿನ ನೆರಳಲ್ಲಿ ಕಂಡಿದ್ದ ಆ ಸಮಾಧಾನ ಅವಳ ಮುಖದ ಮೇಲೆ ಬಂದು ಕುಳಿತಿತು. ನಾನು ಬಾಯಿ ಮುಚ್ಚಿದೆ.

ಬೇಸನ್ನನ್ನು ಮತ್ತೆ ಕಟ್ಟೆಯ ಮೇಲಿಟ್ಟು ಅವಳನ್ನು ಹೊರಗಿನ ಬೆಂಚಿನ ತನಕ ಬಿಟ್ಟು ಬಂದೆ. ಬಂದು ನೋಡಿದರೆ ನೀರು ಹಾಗೇ ಇತ್ತು. ಹಲ್ಲು ತಳದಲ್ಲಿತ್ತು. ಅದು ಇರಲಿಲ್ಲ. ಕಾಗೆ ಒಯ್ದಿರಬೇಕು ಎನ್ನೋಣವೆಂದರೆ ಕಿಟಕಿಗೆ ಜಾಳಿಗೆ. ಕೋಣೆಯ ಕಸ ಹೊಡೆಯುವಾಕೆ ಬಂದೇ ಇರಲಿಲ್ಲ. ಕಟ್ಟೆಯ ಕೆಳಗೆ, ಕುರ್ಚಿಯ ಕೆಳಗೆ, ಗೋಡೆಯ ಬಿರುಕಿನಲ್ಲಿ ಹುಡುಕಿದೆ. ಓದಿದವನು, ಮೊಣಕಾಲೂರಿ, ಬ್ಯಾಟರಿ ಹಿಡಿದು.

ಮುಂದಿನ ಗುರುವಾರದಿಂದ ಆ ಊರಿನವರು ನನ್ನ ಕುರ್ಚಿಗೆ ಬರತೊಡಗಿದರು. ಎಲ್ಲರೂ ಬೇಸನ್ನು ಕೇಳಿದರು, ಎಲ್ಲರಿಗೂ ತೋರಿಸಿದೆ. ಕೆಲವರ ಹಲ್ಲಿಗೆ ಏನೂ ಅಂಟಿರಲಿಲ್ಲ. ಅವರು ನನ್ನನ್ನು ಬೈದರು, ಕೊಪ್ಪಳದವರಿಗಿಂತ ಜೋರಾಗಿ. ಆ ಊರಿನಲ್ಲಿ ಗಂಟಲು ಕಟ್ಟಿ ಸತ್ತರೆಂಬ ಸುದ್ದಿ ನಾನಿರುವ ತನಕ ಮತ್ತೆ ಬರಲಿಲ್ಲ. ಸಮಾಧಾನದ ಬಗ್ಗೆ ಕೇಳಿದ್ದ ಮೇಲಿನವರಿಗೆ, ಪೇಟೆಯವರು ತಕರಾರು ಮಾಡುತ್ತಾರೆ, ಹಳ್ಳಿಯವರು ಈಚೆಗೆ ಕಲಿತಿದ್ದಾರೆ, ನನಗೆ ಸಂತೋಷವಾಗಿದೆ ಎಂದಷ್ಟೇ ಹೇಳಿದೆ. ಅವರಿಗೆ ಅದು ಅರ್ಥವಾಗಲಿಲ್ಲ.

ಈ ಸಲ ಹೋದಾಗ ಅಕ್ಕ ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿದ್ದಳು. ಈಗ ಬಾಯಲ್ಲಿ ಒಂದು ಹಲ್ಲೂ ಇಲ್ಲ. ನನ್ನ ಅಂಗಿಗೆ ಹತ್ತಿದ್ದ ಹೊಗೆಯನ್ನು ಮೂಸಿ ಕೇಳಿದಳು, ಪ್ರತಿ ಸಲ ಕೇಳುವ ಹಾಗೆಯೇ.

“ಅವತ್ತಿನ ಹುಳ, ಹೊಡದ ಹಾಕಿದಿ ಹೌದಲ್ಲ?”

“ಹೊಡದ ಹಾಕೀನಕ್ಕಾ.”

“ಖರೇ?”

“ಖರೇ. ನೀ ಹ್ಯಾಂಗದಿ?”

“ನಾ ಛಲೋ ಅದೀನಪಾ,” ಎಂದಳು.

ನನ್ನ ಕೈ ಅವಳ ಗದ್ದದ ಕೆಳಗೆ ಹೋಯಿತು. “ಬಿಡೋ ಮಾರಾಯಾ, ಹಲ್ಲ ಇಲ್ಲ ನನಗ,” ಎಂದು ಅಕ್ಕ ಕೈ ಸರಿಸಿದಳು. ನಾನು ಮತ್ತೆ ಇಟ್ಟೆ.